ಬೆವರುವ ಬೋರ್ಡು, ಸೀನನ ಹೋಮ್‌ಸ್ಟೇ

ತೀರ್ಥಹಳ್ಳಿ ಕಡೆ ಯಾರಾದರೂ ಮನೆ ಕಟ್ಟಿಸುತ್ತೇನೆ ಅಂದರೆ ಸಾಕು, ಊರಲ್ಲಿ ಎಂಜಿನಿಯರುಗಳ ಸಂಖ್ಯೆ ದಿಢೀರನೆ ಜಾಸ್ತಿಯಾಗುತ್ತದೆ. ಸೀನ ತೋಟದ ಪಕ್ಕ ಹೋಮ್‌ಸ್ಟೇ ಮಾಡುತ್ತೇನೆ ಅಂದಾಗಿನಿಂದ ಮೇಷ್ಟ್ರ ಮನೆ ಜಗಲಿಯಲ್ಲಿ ಕೂರುವ ನಾವೆಲ್ಲ ಎಂಜಿನಿಯರುಗಳೇ. ಮೇಷ್ಟ್ರು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವರು. ಮಂಜ ಆಚಾರಿ ನಿಜಕ್ಕೂ ಮರಗೆಲಸದವನು. ಹಾಗಾಗಿ ಅವನ ಮಾತನ್ನು ಯಾರೂ ಕೇಳುವುದಿಲ್ಲ.

ಆ ಸಂಜೆ ಸೀನ ಶಿವಮೊಗ್ಗದ ಅಂಗಡಿಯಿಂದ ಅಂಗೈ ಅಗಲದ ಬಿಳಿ ಹಲಗೆ ಚೂರು ತಂದಿದ್ದ. ಒಂದು ಮುಖ ನುಣ್ಣಗೆ, ಇನ್ನೊಂದು ಒರಟು. ಮುರಿದ ಅಂಚಿನಲ್ಲಿ ಗಾಜಿನ ನೂಲಿನ ಬಲೆ ಇಣುಕುತ್ತಿತ್ತು.

"ಮೆಗ್ನೀಸಿಯಂ ಆಕ್ಸೈಡ್ ಬೋರ್ಡು. ಪ್ಲೈವುಡ್ ಬದಲು ಇದನ್ನೇ ಹಾಕ್ಸೋದು ಅಂತ ಮಾಡಿದೀನಿ. ಬೆಂಕಿ ಹಿಡಿಯಲ್ಲ, ಗೆದ್ದಲು ಹಿಡಿಯಲ್ಲ, ನೀರು ಹಿಡಿಯಲ್ಲ."

"ನಿನ್ನ ಹೆಂಡ್ತಿಗೂ ಹಿಡಿಸಲ್ಲ ಅಂತ ಅಂಗಡಿಯವ ಹೇಳ್ಲಿಲ್ವಾ?" ಅಂದ ಮಂಜ.

ಸೀನ ಸುಮ್ನೆ ನಂಬುವ ಗಿರಾಕಿ ಅಲ್ಲ. ಇನ್ನೊಂದು ಚೂರನ್ನು ಬಚ್ಚಲ ಒಲೆಗೆ ಹಾಕಿ, ಹಂಡೆ ನೀರು ಕುದಿಯುವವರೆಗೂ ಅಲ್ಲೇ ಬಿಟ್ಟಿದ್ದನಂತೆ. ಪೇಪರಿನ ಪೊಟ್ಟಣ ಬಿಚ್ಚಿ ಅದನ್ನೂ ತೋರಿಸಿದ. ಮಸಿ ಹಿಡಿದಿತ್ತು, ಆಕಾರ ಹಾಗೇ ಇತ್ತು. ಮಂಜ ಉಗುರಿನಿಂದ ಕೆರೆದಾಗ ಅಂಚು ಪುಡಿಪುಡಿಯಾಗಿ ಪಂಚೆ ಮೇಲೆ ಉದುರಿತು.

"ಇದು ಉರಿಯಲ್ಲ, ಅದು ನಿಜ," ಅಂದರು ಮೇಷ್ಟ್ರು. "ಒಳಗೆ ಕಟ್ಟಿಕೊಂಡಿರೋ ನೀರು ಆವಿಯಾಗಿ ಹೋಗೋ ತನಕ ಬೆಂಕಿಗೆ ಅಡ್ಡ ನಿಲ್ಲುತ್ತೆ. ಆಮೇಲೆ ಹೀಗೆ ಸಡಿಲ ಆಗುತ್ತೆ. ಮನೆಯವರು ಹೊರಗೆ ಓಡೋಕೆ ಅಷ್ಟು ಹೊತ್ತು ಸಿಕ್ಕಿದ್ರೆ ಸಾಕಲ್ಲ."

ಗೆದ್ದಲಿನ ವಿಷಯದಲ್ಲೂ ತಕರಾರು ಬರಲಿಲ್ಲ. ಕಲ್ಲಿನ ಪುಡಿಯಲ್ಲಿ ಗೆದ್ದಲಿಗೆ ತಿನ್ನೋದು ಎಂತದ್ದಿದೆ? ನಮ್ಮಲ್ಲಿ ಪ್ಲೈವುಡ್ಡಿಗೆ ಮೊದಲು ಬೂಷ್ಟು, ಆಮೇಲೆ ಗೆದ್ದಲು, ಉಳಿದದ್ದಕ್ಕೆ ಕುಟ್ಟೆ. ಆ ಲೆಕ್ಕದಲ್ಲಿ ಈ ಬೋರ್ಡೇ ವಾಸಿ.

ಮಂಜನಿಗೆ ತಕರಾರು ಇದ್ದದ್ದು ಭಾರದ್ದು. "ಎಂಟಡಿ ನಾಲ್ಕಡಿ ಶೀಟು, 12 ಎಂಎಂ ದಪ್ಪದ್ದು, ಹತ್ತಿರಹತ್ತಿರ 35 ಕೆಜಿ ತೂಗುತ್ತೆ. ಪ್ಲೈ ಆದ್ರೆ ಒಬ್ನೇ ಹೊತ್ಕೊಂಡು ಹೋಗ್ತೀನಿ. ಇದನ್ನ ಕೊಯ್ದ್ರೆ ಬ್ಲೇಡು ಮೊಂಡು, ಧೂಳು ಮೂಗಿನ ತುಂಬ. ಕೂಲಿ ಬೇರೆ ಲೆಕ್ಕ, ಈಗಲೇ ಹೇಳ್ತೀನಿ."

"ನಿಂಗೆ ಎಲ್ಲದಕ್ಕೂ ಬೇರೆ ಲೆಕ್ಕವೇ," ಅಂದ ಸೀನ.

ಮೇಷ್ಟ್ರು ಚೂರನ್ನು ಮೂಸಿದರು. ಆಮೇಲೆ ನಾಲಿಗೆ ತುದಿಗೆ ತಾಗಿಸಿದರು. ಇದು ಅವರ ಚಾಳಿ, ಯಾರೂ ಅನುಕರಿಸಬೇಡಿ.

"ಸೀನ, ಬರೀ ಮೆಗ್ನೀಸಿಯಂ ಆಕ್ಸೈಡನ್ನ ನೀರಲ್ಲಿ ಕಲಸಿದ್ರೆ ಇಷ್ಟು ಗಟ್ಟಿ ಹಲಗೆ ಆಗಲ್ಲ ಮಾರಾಯ. ಜೊತೆಗೆ ಒಂದು ಲವಣ ಬೇಕು. ಸಾಮಾನ್ಯವಾಗಿ ಹಾಕೋದು ಮೆಗ್ನೀಸಿಯಂ ಕ್ಲೋರೈಡು. ಈ ಸಿಮೆಂಟು ಮಾಡಿದವನು ಫ್ರಾನ್ಸಿನ ಸೊರೆಲ್ ಅಂತ, 1867ರಲ್ಲಿ. ತಮಾಷೆ ಏನು ಗೊತ್ತಾ? ಕಬ್ಬಿಣಕ್ಕೆ ತುಕ್ಕು ಹಿಡಿಯದ ಹಾಗೆ ಸತು ಲೇಪಿಸೋ ವಿಧಾನಕ್ಕೆ 1837ರಲ್ಲಿ ಪೇಟೆಂಟ್ ತಗೊಂಡವನೂ ಅವನೇ. ನಿನ್ನ ಕೊಟ್ಟಿಗೆ ತಗಡಿದೆಯಲ್ಲ, ಅದು ಆ ವಿದ್ಯೆ. ಈ ಕ್ಲೋರೈಡು ನೀರಾಗಿ ಹೊರಗೆ ಬಂದ್ರೆ ಮಾತ್ರ ಕಬ್ಬಿಣ ತಿಂದು ಹಾಕುತ್ತೆ."

"ಅಂದ್ರೆ ಮೊದ್ಲು ಔಷಧಿ ಕಂಡುಹಿಡಿದ, ಆಮೇಲೆ ಕಾಯಿಲೆ ಕಂಡುಹಿಡಿದ," ಅಂದ ಮಂಜ. ಅವನನ್ನು ಯಾಕೆ ಯಾರೂ ಕೇಳುವುದಿಲ್ಲವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

"ನೀರಾಗಿ ಯಾಕೆ ಹೊರಗೆ ಬರುತ್ತೆ? ಅದೇನು ಐಸ್‌ಕ್ರೀಮಾ?" ಅಂದ ಸೀನ.

ಮೇಷ್ಟ್ರು ಒಳಗೆ ತಿರುಗಿ ಕೂಗಿದರು. "ಸರೋಜಾ, ಕಲ್ಲುಪ್ಪಿನ ಭರಣಿ ತಾ."

ಸರೋಜಕ್ಕ ಭರಣಿ ತಂದಿಟ್ಟರು. ಪುನರ್ವಸು ಮಳೆ ಹೊಡೆಯುತ್ತಿದ್ದ ಹೊತ್ತು. ಮುಚ್ಚಳ ತೆಗೆದರೆ ಮೇಲಿನ ಹರಳುಗಳೆಲ್ಲ ಹೊಳೆಯುತ್ತಿದ್ದವು, ತಳದಲ್ಲಿ ಎರಡು ಬೆರಳು ನೀರು. ಹಾಕಿಟ್ಟ ಚಮಚದ ತುದಿ ಕೆಂಪು ತುಕ್ಕು.

"ಇದಕ್ಕೆ ಯಾರಾದ್ರೂ ನೀರು ಹೊಯ್ದಿದ್ರಾ? ಇಲ್ಲ ಅಲ್ವಾ. ಶುದ್ಧ ಉಪ್ಪು ಇಷ್ಟೊಂದು ನೀರು ಬಿಡಲ್ಲ. ಕಲ್ಲುಪ್ಪಿನಲ್ಲಿ ಸಮುದ್ರದ ಮೆಗ್ನೀಸಿಯಂ ಕ್ಲೋರೈಡು ಚೂರು ಉಳಿದಿರುತ್ತೆ. ಅದು ಗಾಳಿಯ ತೇವ ಎಳ್ಕೊಂಡು ಕರಗುತ್ತೆ. ಅದೇ ಲವಣ ನಿನ್ನ ಬೋರ್ಡಿನೊಳಗೂ ಇದೆ."

ಸೀನ ಭರಣಿಯನ್ನೂ ಬೋರ್ಡನ್ನೂ ನೋಡಿದ. ಸರೋಜಕ್ಕ ಚಮಚ ನೋಡಿ, "ಇದನ್ನ ಯಾರು ಹಾಕಿದ್ದು, ಸ್ಟೀಲಿಂದು ಅಂತ ತಾನೇ ಮಾರಿದ್ದು ಆ ಪಾತ್ರೆಯವ?" ಅಂದರು. ಚರ್ಚೆ ಸ್ವಲ್ಪ ಹೊತ್ತು ಪಾತ್ರೆಯವನ ಕಡೆ ಹೋಯಿತು.

ಮೇಷ್ಟ್ರು ಅದನ್ನು ವಾಪಸು ತಂದದ್ದು ಡೆನ್ಮಾರ್ಕಿಗೆ. ಅಲ್ಲಿ 2010ರಿಂದ ನಾಲ್ಕೈದು ವರ್ಷ ಕಟ್ಟಡಗಳ ಹೊರಗೋಡೆಯಲ್ಲಿ, ಗಾಳಿ ತಡೆಯಲು, ಈ ಬೋರ್ಡನ್ನು ಧಾರಾಳವಾಗಿ ಹಾಕಿದರು. ಮೇಲೆ ಇಟ್ಟಿಗೆಯದೋ ಹಲಗೆಯದೋ ಹೊದಿಕೆ ಇತ್ತು, ಮಳೆ ನೇರ ಬಡಿಯುತ್ತಿರಲಿಲ್ಲ. ಆದರೂ ಚಳಿಗಾಲದ ತೇವದ ಗಾಳಿಗೇ ಬೋರ್ಡುಗಳು ಬೆವರಿದವು. ಉಪ್ಪುನೀರು ಹನಿಹನಿಯಾಗಿ ಇಳಿದು ಸ್ಕ್ರೂಗಳಿಗೆ ತುಕ್ಕು ಹಿಡಿಯಿತು, ಪಕ್ಕದ ಮರ ಒದ್ದೆಯಾಯಿತು. ಅಳುವ ಬೋರ್ಡು ಅಂತಲೇ ಅಲ್ಲಿ ಹೆಸರಾಯಿತು. ಕೊನೆಗೆ ಕಿತ್ತು ಹಾಕಬೇಕಾಯಿತು, ಖರ್ಚು ಯಾರದ್ದು ಅಂತ ಕೋರ್ಟಿಗೂ ಹೋದರು.

"ಅಲ್ಲಿ ಮಳೆ ಎಷ್ಟು ಬರುತ್ತೆ?" ಅಂತ ಕೇಳಿದೆ ನಾನು.

"ಇಡೀ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು."

ಎಲ್ಲರೂ ಹೊರಗೆ ನೋಡಿದೆವು. ಆಗುಂಬೆಯಲ್ಲಿ ವರ್ಷಕ್ಕೆ 7,000 ದಾಟುವುದು ಮಾಮೂಲು. ಡೆನ್ಮಾರ್ಕಿನವರ ವರ್ಷದ ಮಳೆಯನ್ನು ನಮ್ಮ ಜುಲೈ ಹತ್ತು ಹದಿನೈದು ದಿನದಲ್ಲಿ ಮುಗಿಸುತ್ತದೆ.

"ಹಾಗಾದ್ರೆ ನಮ್ಮಲ್ಲಿ ಬೋರ್ಡು ಅಳಲ್ಲ, ಬಾಯಿ ಬಡ್ಕೊಳುತ್ತೆ," ಅಂದ ಮಂಜ.

ಸೀನನ ಮುಖ ಸಣ್ಣದಾಯಿತು. ಮೇಷ್ಟ್ರಿಗೂ ಪಾಪ ಅನ್ನಿಸಿರಬೇಕು. ಕ್ಲೋರೈಡಿನ ಬದಲು ಮೆಗ್ನೀಸಿಯಂ ಸಲ್ಫೇಟ್ ಹಾಕಿ ಮಾಡುವ ಬೋರ್ಡೂ ಇದೆ, ಅದು ಹೀಗೆ ಬೆವರುವುದಿಲ್ಲ, ಸ್ಕ್ರೂ ತಿನ್ನುವುದೂ ಇಲ್ಲ ಅಂದರು. ನೋಡೋಕೆ ಎರಡೂ ಒಂದೇ ಥರ ಬಿಳಿ. ಸೀನ ಆಗಲೇ ಅಂಗಡಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ಅಣ್ಣಾ, ನಿಮ್ಮದು ಕ್ಲೋರೈಡಾ, ಸಲ್ಫೇಟಾ?"

"ಎರಡೂ ಇದೆ ಸರ್. ಯಾವ ಬಣ್ಣ ಬೇಕು?"

ಮೇಷ್ಟ್ರು ಹಣೆ ಚಚ್ಚಿಕೊಂಡರು. ಎರಡು ಥರದ್ದೂ ಚೂರು ತಗೊಂಡು ಬಾ, ಬರುವಾಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಾ ಅಂದರು. ಉಳಿದ ಸಾಮಾನನ್ನು ಅವರು ಹಳೇ ಶಿಷ್ಯನೊಬ್ಬನ ಲ್ಯಾಬಿನಿಂದ ತರಿಸಿದರು.

ಆ ಭಾನುವಾರ ಜಗಲಿ ಭರ್ತಿ. ಹಿಂದಿನ ರಾತ್ರಿಯೇ ಎರಡು ಗಾಜಿನ ಲೋಟದಲ್ಲಿ ಎರಡು ಚೂರು ನೆನೆ ಹಾಕಿಟ್ಟಿದ್ದರು. ಬಾವಿ ನೀರಲ್ಲೇ ಕ್ಲೋರೈಡು ಇರುವುದರಿಂದ ಅದು ಇದಕ್ಕೆ ಆಗುವುದಿಲ್ಲ. ಮೇಷ್ಟ್ರು ತಿಳಿನೀರು ಬಸಿದು, ಮೊದಲು ನೈಟ್ರಿಕ್ ಆಸಿಡ್ ಎರಡು ಹನಿ ಬಿಟ್ಟರು. ಆಮೇಲೆ ಕಂದು ಬಾಟಲಿಯಿಂದ ಸಿಲ್ವರ್ ನೈಟ್ರೇಟ್. ನೀರಲ್ಲಿ ಕ್ಲೋರೈಡು ಇದ್ದರೆ ಅದು ಬಿಳಿಯಾಗಿ ಗರಣೆ ಕಟ್ಟುತ್ತದೆ. ಮೊದಲ ಲೋಟದಲ್ಲಿ ಹನಿ ಬಿದ್ದಲ್ಲೇ ಬಿಳಿ ಗರಣೆಗಳು ಕಟ್ಟಿ ತಳಕ್ಕೆ ಇಳಿದವು. ಎರಡನೆಯದರಲ್ಲಿ ತುಸು ಮಬ್ಬಾಯಿತು, ಅಷ್ಟೇ.

"ಮೊದಲನೇದನ್ನ ವಾಪಸ್ ಕೊಡು. ಎರಡನೇದು ತಗೋ, ಆದ್ರೆ ಮಲಗೋ ಕೋಣೆಗಳ ನಡುವಿನ ಗೋಡೆಗೆ, ಅಡುಗೆಮನೆ ಒಲೆ ಹಿಂದೆ, ಅಷ್ಟಕ್ಕೇ. ಬಚ್ಚಲಿಗೂ ಹೊರಗೋಡೆಗೂ ಜಂಬಿಟ್ಟಿಗೆಯೇ ಇರಲಿ."

"ಸ್ಕ್ರೂ ಮಾತ್ರ ಸ್ಟೇನ್‌ಲೆಸ್ಸೇ ಬೇಕು," ಅಂದ ಮಂಜ. "ಅದು ಬೇರೆ..."

"ಲೆಕ್ಕ. ಗೊತ್ತು," ಅಂದ ಸೀನ. ಅಷ್ಟರಲ್ಲಿ ಅವನು ಉತ್ಸಾಹಕ್ಕೆ ಬಾಟಲಿ ಮುಟ್ಟಿ, ಸೋರಿದ ಹನಿಯನ್ನು ಬೆರಳಲ್ಲೇ ಒರೆಸಿಬಿಟ್ಟಿದ್ದ. ಕಾಫಿ ಮುಗಿಯುವ ಹೊತ್ತಿಗೆ ಬೆರಳು ಕಪ್ಪಾಗತೊಡಗಿತು. ಸೋಪು ಹಾಕಿದ, ಹುಣಿಸೇಹಣ್ಣು ತಿಕ್ಕಿದ, ಊಹೂಂ.

"ಹೋಗಲ್ಲ ಅದು," ಅಂದರು ಮೇಷ್ಟ್ರು. "ವೋಟಿನ ಶಾಯಿಯಲ್ಲೂ ಇರೋದು ಇದೇ ಸಿಲ್ವರ್ ನೈಟ್ರೇಟು. ಮೈಸೂರಲ್ಲಿ ಮಾಡ್ತಾರಲ್ಲ."

ಸೀನನ ಹೆಂಡತಿ ಸಂಜೆ ಸೊಸೈಟಿಗೆ ಹೋಗಿದ್ದಾಗ ಯಾರೋ ಕೇಳಿದರಂತೆ, ನಿಮ್ಮ ಯಜಮಾನರ ಬೆರಳಿಗೆ ಶಾಯಿ ಹಾಕಿದಾರಲ್ಲ, ಇದ್ಯಾವ ಎಲೆಕ್ಷನ್ನು, ನಮಗೆ ಚೀಟಿಯೇ ಬರಲಿಲ್ಲವಲ್ಲ ಅಂತ. ಸರೋಜಕ್ಕನಿಗೆ ಆ ಚಿಂತೆ ಇರಲಿಲ್ಲ. ನೆಂಟರು ಬಂದಾಗ ಮಾತ್ರ ತೆಗೆಯುವ ಆರರ ಸೆಟ್ಟಿನಲ್ಲಿ ಎರಡು ಲೋಟ ಜಗಲಿಗೆ ಹೇಗೆ ಬಂದವು ಅನ್ನುವುದರ ವಿಚಾರಣೆ ಇನ್ನೂ ನಡೆದಿದೆ.