ಎರಡು ಕುಲಗಳಿಗೆ ಹುಟ್ಟಿದ ಮಗಳು: ಕಲ್ಪಿತ ಲೋಕ ಕಟ್ಟಿದವರ ಅನುಭವಗಳು

ಪ್ರಶ್ನೆ: ನಾನು ಬರೆಯುತ್ತಿರುವ ಕಾದಂಬರಿಯಲ್ಲಿ ನದಿಯೊಳಗೆ ಬದುಕುವ ಕುಲದ ತಾಯಿಗೂ ಬೆಟ್ಟದ ಮೇಲಿನ ರೆಕ್ಕೆಯ ಕುಲದ ತಂದೆಗೂ ಒಬ್ಬ ಮಗಳು ಹುಟ್ಟುತ್ತಾಳೆ. ಹಸ್ತಪ್ರತಿ ಓದಿದ ಗೆಳತಿ, ಎರಡು ಬೇರೆ ಪ್ರಭೇದಗಳಿಗೆ ಮಗು ಹುಟ್ಟುವುದಾದರೂ ಹೇಗೆ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಂಥ ಪಾತ್ರವನ್ನು ಬರೆದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಮೊದಲ ಉತ್ತರ: ಇದೇ ಪ್ರಶ್ನೆಯನ್ನು ನನಗೂ ಓದುಗರೊಬ್ಬರು ಕೇಳಿದ್ದರು. ನನ್ನ ನೀಳ್ಗತೆಯಲ್ಲಿ ಬೇರೊಂದು ನಕ್ಷತ್ರದಿಂದ ಬಂದವನಿಗೂ ಭೂಮಿಯ ಹೆಣ್ಣಿಗೂ ಮಗುವಾಗಿತ್ತು. ಅದನ್ನು ನಂಬಿಸಲು ನಾನು ಬರೆದ ಎರಡು ಪುಟಗಳ ವಿವರಣೆಯಿಂದ ಕಥೆ ನಿಂತಲ್ಲೇ ನಿಂತಿತು. ಕೊನೆಗೆ ಆ ಪುಟಗಳನ್ನು ತೆಗೆದುಹಾಕಿ, ಅವನ ಪೂರ್ವಜರು ಬಹು ಹಿಂದೆ ಭೂಮಿಯಿಂದಲೇ ಹೋದವರೆಂದು ಒಂದು ವಾಕ್ಯ ಸೇರಿಸಿದೆ. ಆಮೇಲೆ ಯಾರೂ ಆಕ್ಷೇಪಿಸಲಿಲ್ಲ. ಆದ್ದರಿಂದ ನಿಮ್ಮ ಎರಡು ಕುಲಗಳಿಗೂ ಹಿಂದೆ ಎಲ್ಲೋ ಒಬ್ಬಳೇ ಮೂಲ ಅಜ್ಜಿ ಇದ್ದಳೇ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಇದ್ದಳೆಂದಾದರೆ ನಿಜಲೋಕವೇ ನಿಮ್ಮ ಬೆನ್ನಿಗಿದೆ. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಸಿಕ್ಕ ಎಲುಬಿನ ಚೂರೊಂದು ಸುಮಾರು 90,000 ವರ್ಷಗಳ ಹಿಂದಿನ ಹುಡುಗಿಯದೆಂದೂ, ಈಗ ಅಳಿದುಹೋಗಿರುವ ಎರಡು ಪ್ರಾಚೀನ ಮಾನವ ಕುಲಗಳಲ್ಲಿ ಅವಳ ತಾಯಿ ನಿಯಾಂಡರ್ತಾಲ್ ಮತ್ತು ತಂದೆ ಡೆನಿಸೋವನ್ ಎಂದೂ 2018ರಲ್ಲಿ ಪ್ರಕಟವಾಯಿತು. ಆ ತಂದೆಯ ವಂಶದಲ್ಲಿಯೂ ಹಿಂದೊಮ್ಮೆ ನಿಯಾಂಡರ್ತಾಲ್ ರಕ್ತ ಬೆರೆತಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುವ ವಿವರ.

ಮಗು ಹುಟ್ಟಿದ ಮಾತ್ರಕ್ಕೆ ವಂಶ ಮುಂದುವರಿಯಬೇಕೆಂದಿಲ್ಲ. ಜೀವಕೋಶದಲ್ಲಿ ತಳಿಗುಣಗಳನ್ನು ಹೊತ್ತಿರುವ ವರ್ಣತಂತುಗಳು (ಕ್ರೋಮೋಸೋಮ್) ಕುದುರೆಗೆ 64, ಕತ್ತೆಗೆ 62. ಅವೆರಡರ ಮರಿಯಾದ ಹೇಸರಗತ್ತೆಗೆ 63 ಬರುವುದರಿಂದ ಅವು ಸರಿಯಾಗಿ ಜೋಡಿಯಾಗುವುದಿಲ್ಲ, ಹಾಗಾಗಿ ಗಟ್ಟಿಮುಟ್ಟಾದ ಆ ಪ್ರಾಣಿಗೆ ಮರಿಯಾಗುವುದು ಅತಿ ವಿರಳ. ನಿಮ್ಮ ಕಥೆಗೆ ನೇರವಾಗಿ ಒದಗುವ ಇನ್ನೊಂದು ಸಂಗತಿಯಿದೆ. ಮುಂದೆ ಭಾರತದ ಪೌರತ್ವ ಪಡೆದು ಭುವನೇಶ್ವರದಲ್ಲಿ ತೀರಿಕೊಂಡ ಬ್ರಿಟಿಷ್ ತಳಿವಿಜ್ಞಾನಿ ಹಾಲ್ಡೇನ್ ಅವರು 1922ರಲ್ಲಿ ಒಂದು ನಿಯಮವನ್ನು ಹೇಳಿದರು: ಬೆರಕೆಯ ಸಂತಾನದಲ್ಲಿ ಒಂದು ಲಿಂಗದವರು ಮಾತ್ರ ಹುಟ್ಟದೆ ಹೋದರೆ, ವಿರಳವಾದರೆ ಅಥವಾ ಬಂಜೆಯಾದರೆ, ಅವರು ಎರಡು ಬಗೆಯ ಲಿಂಗ ವರ್ಣತಂತುಗಳಿರುವವರೇ ಆಗಿರುತ್ತಾರೆ. ಸಸ್ತನಿಗಳಲ್ಲಿ ಅದು ಗಂಡು, ಹಕ್ಕಿಗಳಲ್ಲಿ ಹೆಣ್ಣು. ನಿಮ್ಮ ಲೋಕದ ಲಿಂಗ ನಿರ್ಣಯ ಹಕ್ಕಿಗಳ ಕ್ರಮದಲ್ಲಿ ನಡೆಯುವುದಾದರೆ ಆ ಕಷ್ಟ ನಿಮ್ಮ ನಾಯಕಿಯ ಪಾಲಿಗೇ ಬರುತ್ತದೆ. ಸಸ್ತನಿಗಳ ಕ್ರಮದಲ್ಲಾದರೆ ಅವಳು ಪಾರಾಗಿ ಅವಳ ತಮ್ಮನಿಗೆ ಬರುತ್ತದೆ. ಈ ಒಂದು ಆಯ್ಕೆಯಿಂದ ಕಾದಂಬರಿಯ ದಾರಿಯೇ ಬದಲಾದೀತು.

ಎರಡನೆಯ ಉತ್ತರ: ನಾನು ಬೆಳೆದದ್ದು ರಾಣೆಬೆನ್ನೂರಿನ ಕಡೆಯ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ. ಸಂಜೆ ಹೆಂಗಸರು ಮರುದಿನ ಅರಳಬೇಕಾದ ಮೊಗ್ಗನ್ನು ಹಿಡಿದು, ಹೆಬ್ಬೆರಳ ಉಗುರಿನಿಂದ ಎಸಳನ್ನೂ ಕೇಸರವನ್ನೂ ಒಟ್ಟಿಗೆ ಸುಲಿದು, ಉಳಿದ ಭಾಗಕ್ಕೆ ಬಣ್ಣದ ಕಾಗದದ ಚೀಲ ತೊಡಿಸುತ್ತಿದ್ದರು. ಬೆಳಿಗ್ಗೆ ಗಂಡು ಸಾಲಿನ ಹೂವನ್ನು ತಂದು ಅದಕ್ಕೆ ಸವರಿ, ಗುರುತಿಗೆ ದಾರ ಕಟ್ಟುತ್ತಿದ್ದರು. ನಾವು ಅದನ್ನು ಕ್ರಾಸಿಂಗ್ ಎನ್ನುತ್ತಿದ್ದೆವು. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿ ಹೀಗೆ ಎರಡು ಪ್ರಭೇದಗಳನ್ನು ಕೂಡಿಸಿ ಪಡೆದದ್ದು. ಎರಡು ಕಡೆಯೂ ವರ್ಣತಂತುಗಳ ಸಂಖ್ಯೆ 52 ಆದ್ದರಿಂದ ಮೊದಲ ತಲೆಮಾರಿನ ಗಿಡ ಹುಲುಸಾಗಿ ಬೆಳೆದು ಕಾಯಿ ಕಟ್ಟುತ್ತದೆ. ಆದರೆ ನಮ್ಮ ಪಕ್ಕದ ಹೊಲದವರು ಹೈಬ್ರಿಡ್ ಬೆಳೆಯ ಬೀಜವನ್ನೇ ಉಳಿಸಿಕೊಂಡು ಮರುವರ್ಷ ಬಿತ್ತಿದಾಗ, ಒಂದು ಗಿಡ ಎದೆಯೆತ್ತರ, ಪಕ್ಕದ್ದು ಮೊಣಕಾಲೆತ್ತರ, ಮತ್ತೊಂದರಲ್ಲಿ ಹೂವಿದ್ದೂ ಕಾಯಿಯಿಲ್ಲ. ಮಗಳು ತಂದೆತಾಯಿ ಇಬ್ಬರನ್ನೂ ಮೀರಿಸುವಷ್ಟು ಬಲಶಾಲಿಯಾಗಿದ್ದು, ಮೊಮ್ಮಕ್ಕಳ ಕಾಲಕ್ಕೆ ಬೆರಕೆಯ ಬೆಲೆ ತೆರಬೇಕಾಗುವ ಕಥೆಯನ್ನು ನಾನು ಬರೆಯುತ್ತಿರುವುದು ಆ ಹೊಲವನ್ನು ನೆನೆದೇ. ಮೂರು ತಲೆಮಾರುಗಳ ವಂಶವೃಕ್ಷವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಮೂರನೆಯ ಉತ್ತರ: ವಿಜ್ಞಾನದ ಮಾತನ್ನು ಒಪ್ಪುತ್ತೇನೆ, ಆದರೆ ನಿಮ್ಮದು ಅದ್ಭುತ ಲೋಕವಾದರೆ ಆಸ್ತೀಕನನ್ನೂ ನೆನೆಯಿರಿ. ತಾಯಿ ವಾಸುಕಿಯ ತಂಗಿ, ನಾಗಕನ್ಯೆ, ತಂದೆ ಋಷಿ, ಇಬ್ಬರ ಹೆಸರೂ ಜರತ್ಕಾರು. ಅಂಥ ಮಗು ಹುಟ್ಟಿದ್ದು ಹೇಗೆಂದು ಮಹಾಭಾರತ ವಿವರಿಸುವ ಗೋಜಿಗೆ ಹೋಗುವುದಿಲ್ಲ. ಜನಮೇಜಯನ ಸರ್ಪಯಾಗದಲ್ಲಿ ನಾಗಗಳು ಬೆಂಕಿಗೆ ಬೀಳುತ್ತಿರುವಾಗ, ಋಷಿಕುಮಾರನಾಗಿ ಯಾಗವನ್ನು ಸ್ತುತಿಸಿ ರಾಜನಿಂದ ವರ ಪಡೆಯಬಲ್ಲವನೂ, ತಾಯಿಯ ಬಳಗಕ್ಕಾಗಿ ಆ ವರವನ್ನು ಬಳಸಬೇಕಾದವನೂ ಅವನೊಬ್ಬನೇ. ಅವನ ಹುಟ್ಟಿಗೆ ಕಥೆಯಲ್ಲಿ ಕೆಲಸವಿದೆ. ನನ್ನ ಕಥೆಯಲ್ಲಿ ಬೆರಕೆಯ ಮಗುವಿಗೆ ನಾನು ಚಂದದ ಕಣ್ಣುಗಳನ್ನು ಬಿಟ್ಟು ಬೇರೇನನ್ನೂ ಕೊಟ್ಟಿರಲಿಲ್ಲ, ಆದ್ದರಿಂದ ಅವಳನ್ನು ತೆಗೆದರೂ ಕಥೆ ಹಾಗೆಯೇ ಉಳಿಯುತ್ತಿತ್ತು. ಎರಡನೆಯ ಕರಡಿನಲ್ಲಿ ನಾನು ಮೊದಲು ಬರೆದದ್ದು ಅವಳ ಹಾಸಿಗೆಯನ್ನು. ನಿಮ್ಮ ಹುಡುಗಿ ರಾತ್ರಿ ನೀರಿನಲ್ಲಿ ಮಲಗುತ್ತಾಳೆಯೇ, ಬಂಡೆಯ ಮೇಲೆ ಮಲಗುತ್ತಾಳೆಯೇ? ಅವಳ ರೆಕ್ಕೆ ಒದ್ದೆಯಾದರೆ ಒರೆಸುವವರು ಯಾರು?