ಕ್ಯಾಮೆರಾ ಹನ್ನೊಂದು, ಮುಖ ಒಂದೂ ಇಲ್ಲ: ಭಾನುವಾರದ ಕೆಲಸಕ್ಕೆ ಚರ್ಚೆ

ಕಾರ್ಯದರ್ಶಿ: ಸಂಘದ ವಾಟ್ಸ್ಆ್ಯಪ್ ಗ್ರೂಪಿನ ಎಲ್ಲರಿಗೂ ನಮಸ್ಕಾರ. ನಮ್ಮ ಎರಡು ಕ್ರಾಸ್‌ಗಳಲ್ಲಿ ಈ ತಿಂಗಳು ಮೂರು ಸಲ ನಿಲ್ಲಿಸಿದ್ದ ಗಾಡಿಗಳ ಬ್ಯಾಟರಿ ಕಳವಾಗಿವೆ. ಹನ್ನೊಂದು ಮನೆಯಲ್ಲಿ ವೈ-ಫೈ ಕ್ಯಾಮೆರಾ ಇದ್ದರೂ ಪೊಲೀಸರಿಗೆ ಕೊಡಲು ಒಂದು ಮುಖವಾಗಲಿ, ಒಂದು ನಂಬರ್ ಪ್ಲೇಟಾಗಲಿ ಸಿಗಲಿಲ್ಲ. ಹೊಸ ಕ್ಯಾಮೆರಾಕ್ಕೆ ಮನೆಮನೆ ಚಂದಾ ಎತ್ತೋಣ ಅಂತ ಕೆಲವರ ಸಲಹೆ. ಅದಕ್ಕೂ ಮೊದಲು, ಇರುವುದು ಯಾಕೆ ಕೆಲಸಕ್ಕೆ ಬರಲಿಲ್ಲ ಅಂತ ತಿಳಿದವರು ಇಲ್ಲೇ ಬರೆಯಿರಿ. ಎರಡು ದಿನ ಗುಡ್ ಮಾರ್ನಿಂಗ್ ಚಿತ್ರ ಬೇಡ, ದಯವಿಟ್ಟು.

ಮನೆ 31: ಹನ್ನೊಂದೂ ಮನೆಯ ತುಣುಕು ನೋಡಿದ್ದಾಯ್ತು. ಕ್ಯಾಮೆರಾ ಕೆಟ್ಟಿಲ್ಲ, ಕೂರಿಸಿದ ಜಾಗ ತಪ್ಪಿದೆ. ಒಂಬತ್ತು ಕ್ಯಾಮೆರಾ ಮೊದಲ ಮಹಡಿಯ ಸಜ್ಜಾ ಕೆಳಗೆ, 12ರಿಂದ 14 ಅಡಿ ಎತ್ತರದಲ್ಲಿವೆ. ಇಡೀ ರಸ್ತೆ ಕಾಣಬೇಕು ಅನ್ನೋ ಆಸೆ. ರಸ್ತೆ ಕಾಣುತ್ತೆ, ಟೋಪಿ ಕಾಣುತ್ತೆ, ಮುಖ ಮಾತ್ರ ಕಾಣಲ್ಲ.

ಲೆಕ್ಕ ಹೀಗಿದೆ. ಅಪರಿಚಿತನ ಮುಖ ಗುರುತಿಸಬೇಕಾದರೆ ಅವನು ನಿಂತ ಜಾಗದಲ್ಲಿ ಮೀಟರಿಗೆ 250 ಪಿಕ್ಸೆಲ್ (ಚಿತ್ರದ ಚುಕ್ಕಿ) ಬೀಳಬೇಕು. ಪರಿಚಯದವನನ್ನು "ಇವನೇ" ಅನ್ನಲು 125 ಸಾಕು. ಯಾರೋ ಹೋದರು ಅನ್ನಲು 25. ಇದು ಐಇಸಿ 62676-4 ಅನ್ನೋ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯ ಅಳತೆ. 1080ಪಿ ಚಿತ್ರದ ಅಗಲ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿ, 7.7 ಮೀಟರ್ ಬರುತ್ತೆ. ಚಿತ್ರದಲ್ಲಿ ಅದಕ್ಕಿಂತ ಅಗಲದ ಜಾಗ ಕಂಡರೆ ಮುಖದ ಆಸೆ ಬಿಡಬೇಕು. 90 ಡಿಗ್ರಿ ನೋಟದ ಲೆನ್ಸಿಗೆ ಈ ಮಿತಿ ಹನ್ನೆರಡೂವರೆ ಅಡಿಗೇ ಮುಗಿಯುತ್ತೆ. ನಮ್ಮ ರಸ್ತೆಯೇ 30 ಅಡಿ.

ಮನೆ 8 (ಮೇಷ್ಟ್ರು): ಹಾಗಾದರೆ 2ಕೆ ಕ್ಯಾಮೆರಾ ತಂದರೆ ಸರಿಹೋಗುತ್ತಲ್ಲವೇ?

ಮನೆ 31: ಅಷ್ಟೇನೂ ಇಲ್ಲ ಮೇಷ್ಟ್ರೇ. ಈ 2ಕೆ ಅಂದರೆ 3 ಮೆಗಾಪಿಕ್ಸೆಲ್, ಅದರ ಅಗಲ 2304 ಪಿಕ್ಸೆಲ್. ಹನ್ನೆರಡೂವರೆ ಅಡಿ ಇದ್ದದ್ದು 15 ಆಗುತ್ತೆ, ಅಷ್ಟಕ್ಕೇ ಎರಡೂವರೆ ಸಾವಿರ ಯಾಕೆ? ಲೆನ್ಸ್ ಬದಲಾದರೆ ಲಾಭ ಜಾಸ್ತಿ. ಡಬ್ಬಿಯ ಮೇಲೆ 2.8 ಎಂಎಂ, 4 ಎಂಎಂ, 6 ಎಂಎಂ ಅಂತ ಇರುತ್ತೆ. ಸಂಖ್ಯೆ ದೊಡ್ಡದಾದಷ್ಟು ನೋಟ ಕಿರಿದು, ದೂರ ಹೆಚ್ಚು. 6 ಎಂಎಂ ಲೆನ್ಸಿದ್ದರೆ ಅದೇ 1080ಪಿ ಕ್ಯಾಮೆರಾ ಸುಮಾರು 25 ಅಡಿಯಲ್ಲಿ ಮುಖ ಕೊಡುತ್ತೆ. ಆಮೇಲೆ ಬೆರಳಲ್ಲಿ ಎಳೆದು ದೊಡ್ಡದು ಮಾಡೋದರಿಂದ ಇಲ್ಲದ ಪಿಕ್ಸೆಲ್ ಹುಟ್ಟಲ್ಲ.

ನನ್ನ ಸಲಹೆ: ಹನ್ನೊಂದರಲ್ಲಿ ಏಳು ಕ್ಯಾಮೆರಾ ರಸ್ತೆ ಬಿಟ್ಟು ತಮ್ಮ ಗೇಟು ಮಾತ್ರ ನೋಡಲಿ. ಎತ್ತರ ಏಳು, ಏಳೂವರೆ ಅಡಿ. ಬಾಗು 15 ಡಿಗ್ರಿ ಮೀರಬಾರದು. ಕಾರು ನಿಲ್ಲಿಸುವ ಜಾಗ ಗೇಟಿನ ಪಕ್ಕವೇ ಆದ್ದರಿಂದ ಬಾನೆಟ್ಟಿಗೆ ಬಗ್ಗಿದವನ ಮುಖ ಹತ್ತು ಅಡಿಯೊಳಗೆ ಬರುತ್ತೆ. ಇನ್ನು ನಾಲ್ಕು ಎತ್ತರದಲ್ಲೇ ಇದ್ದು ಯಾರು ಯಾವ ಕಡೆಯಿಂದ ಬಂದರು ಅಂತ ತೋರಿಸಲಿ.

ಮನೆ 14: ಏಳಡಿಗೆ ಇಳಿಸಿದರೆ ಕ್ಯಾಮೆರಾವನ್ನೇ ಕಿತ್ಕೊಂಡು ಹೋಗಲ್ವಾ ಸಾರ್?

ಮನೆ 31: ಹೋಗಬಹುದು. ಅದಕ್ಕೇ ಗೇಟಿನ ಕಂಬಕ್ಕೆ ಬೇಡ, ಕಾಂಪೌಂಡ್ ಒಳಗಿನ ಗೋಡೆಗೆ. ಎದುರು ಮನೆಯ ಎತ್ತರದ ಕ್ಯಾಮೆರಾ ಇದನ್ನು ನೋಡುತ್ತಿರಲಿ. ಮೆಮೊರಿ ಕಾರ್ಡ್ ಕ್ಯಾಮೆರಾದ ಹೊಟ್ಟೆಯಲ್ಲೇ ಇರೋದರಿಂದ ಕಿತ್ತವನ ಜೊತೆಗೇ ಸಾಕ್ಷಿಯೂ ಹೋಗುತ್ತೆ ಅನ್ನೋದು ನಿಜ. ಗೇಟಿನ ಕ್ಯಾಮೆರಾಕ್ಕೆ ಮಾತ್ರ ಕ್ಲೌಡ್ ಚಂದಾ (ತುಣುಕು ಕಂಪನಿಯ ಇಂಟರ್‌ನೆಟ್ ಸಂಗ್ರಹದಲ್ಲೂ ಉಳಿಯುವ ಸೇವೆ) ಮಾಡಿಸಿ, ಉಳಿದವಕ್ಕೆ ಬೇಡ.

ಮನೆ 17 (ಎಲೆಕ್ಟ್ರಿಕಲ್ ಕೆಲಸ): ಸಾ, ಇನ್ನೊಂದ್ ವಿಷ್ಯ ಐತೆ. ವೈರ್‌ಲೆಸ್ ಅಂತಾರೆ, ಕರೆಂಟಿನ ವೈರ್ ಬೇಕೇ ಬೇಕು. ನಮ್ ರಸ್ತೇಲಿ ನಾಕ್ ಮನೆ ಕ್ಯಾಮೆರಾ ಹಗಲೆಲ್ಲಾ ಚೆನ್ನಾಗಿರ್ತವೆ, ಸಂಜೆ ಆರೂವರೆ ಆದ್ರೆ ಆಫ್ ಆಗಿ ಆನ್ ಆಯ್ತಾ ಇರ್ತವೆ. ವೈ-ಫೈ ಸರಿ ಇಲ್ಲ ಅಂತ ರೂಟರ್ ಬದಲಾಯಿಸ್ತಾರೆ. ತಪ್ಪು ವೈರಿಂದು.

ಕ್ಯಾಮೆರಾಕ್ಕೆ 5 ವೋಲ್ಟ್ ಬೇಕು. ಅಡಾಪ್ಟರ್ ಹಾಲಲ್ಲಿ ಇಟ್ಟು, ಕೂದಲೆಳೆ ತರದ ಯುಎಸ್‌ಬಿ ವೈರ್ 10 ಮೀಟರ್ ಎಳೆದವ್ರೆ. ಹೋಗೋಕ್ ಹತ್ತು, ಬರೋಕ್ ಹತ್ತು, 20 ಮೀಟರ್ ತಾಮ್ರ. ಆ ತೆಳು ವೈರಲ್ಲಿ 1 ಆಂಪ್ ಹರಿದ್ರೆ 1.7 ವೋಲ್ಟ್ ದಾರೀಲೇ ಹೋಯ್ತದೆ. ಕ್ಯಾಮೆರಾಕ್ ಸಿಗೋದು 3.3. ಹಗಲು ಕರೆಂಟ್ ಕಮ್ಮಿ ಎಳಿತದೆ, ನಡೀತದೆ. ಕತ್ತಲಾಗಿ ಇನ್‌ಫ್ರಾರೆಡ್ ದೀಪ ಹತ್ತಿದ ತಕ್ಷಣ ಬೀಳ್ತದೆ. ಕಳ್ಳ ಬರೋ ಹೊತ್ಗೇ ಸರಿಯಾಗಿ.

ಮಾಡ್ಬೇಕಾದ್ದು: 230 ವೋಲ್ಟ್ ಲೈನನ್ನೇ ಪಿವಿಸಿ ಪೈಪಲ್ಲಿ ಕ್ಯಾಮೆರಾ ಹತ್ರ ತಗೊಂಡೋಗಿ, ಮಳೆ ನೀರು ಇಳೀದಂಥ ಜಂಕ್ಷನ್ ಬಾಕ್ಸಲ್ಲಿ ಅಡಾಪ್ಟರ್ ಇಡೋದು. ಆಗಲ್ಲ ಅಂದ್ರೆ 1 ಚದರ ಎಂಎಂ ತಾಮ್ರದ ವೈರ್ ಹಾಕಿ, 10 ಮೀಟರಿಗೆ 0.4 ವೋಲ್ಟ್ ಒಳಗೇ ಹೋಯ್ತದೆ. ಬಾಕ್ಸಿಗೆ ಬರೋ ವೈರ್ ಕೆಳಗಿಂದ ಬರ್ಬೇಕು, ಸ್ವಲ್ಪ ಜೋತು ಬಿಟ್ಟು. ಮೇಲಿಂದ ಬಂದ್ರೆ ಮಳೆ ನೀರು ವೈರ್ ಹಿಡ್ಕೊಂಡೇ ಒಳಗ್ ಹೋಯ್ತದೆ.

ಮನೆ 22: ಕರೆಂಟ್ ಹೋದಾಗ ಏನು ಮಾಡೋದು ಅಣ್ಣಾ? ಯುಪಿಎಸ್ ಫ್ಯಾನು, ಲೈಟಿಗೆ ಮಾತ್ರ ಐತೆ.

ಮನೆ 17: ರೂಟರ್, ಫೈಬರ್ ಡಬ್ಬಿ, ಕ್ಯಾಮೆರಾ, ಮೂರೂ ಯುಪಿಎಸ್ ಲೈನಿಗೆ ಬರ್ಬೇಕು ಅಕ್ಕಾ, ಒಂದು ಬಿಟ್ರೂ ಲೈವ್ ಬರಲ್ಲ. ಪ್ರತ್ಯೇಕ ಲೈನ್ ಎಳೆಯೋಕಾಗ್ದಿದ್ರೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗ್ತದೆ. ಡಬ್ಬಿ ಮೇಲೆ 8800 ಎಂಎಎಚ್ ಅಂತ ನೋಡಿ ದಿನಗಟ್ಲೆ ಬತ್ತದೆ ಅನ್ಕೋಬೇಡಿ. ಅದು 3.7 ವೋಲ್ಟಿನ ಲೆಕ್ಕ, ಅಂದ್ರೆ 32 ವ್ಯಾಟ್-ಗಂಟೆ. 8 ವ್ಯಾಟಿನ ರೂಟರಿಗೆ ಮೂರು ಗಂಟೆ ಚಿಲ್ಲರೆ, 5 ವ್ಯಾಟಿನ ಕ್ಯಾಮೆರಾನೂ ಸೇರ್ಸಿದ್ರೆ ಎರಡು ಗಂಟೆ.

ಮನೆ 31: ಇದಕ್ಕೊಂದು ಬಾಲ ಇದೆ. ಕರೆಂಟ್ ಬಂದಾಗ ಕ್ಯಾಮೆರಾ ಅರ್ಧ ನಿಮಿಷದಲ್ಲಿ ಏಳುತ್ತೆ, ಫೈಬರ್ ಡಬ್ಬಿಗೆ ಎರಡು ಮೂರು ನಿಮಿಷ ಬೇಕು. ಒಳಗೆ ಗಡಿಯಾರದ ಸೆಲ್ ಇಲ್ಲದ ಕ್ಯಾಮೆರಾಗಳು ಇಂಟರ್‌ನೆಟ್ಟಿಂದ ಸಮಯ ಕೇಳಿ ತಿಳಿಯುತ್ತವೆ. ಇಂಟರ್‌ನೆಟ್ ಬರುವ ತನಕದ ರೆಕಾರ್ಡಿಂಗ್ ಮೇಲೆ ಯಾವುದೋ ಹಳೇ ತಾರೀಖು ಬಿದ್ದಿರುತ್ತೆ. "ಆ ರಾತ್ರಿದು ಇಲ್ಲವೇ ಇಲ್ಲ" ಅಂದ ಎರಡು ಮನೆಯವರು ಕಾರ್ಡ್ ತೆಗೆದು ಕಂಪ್ಯೂಟರಿನಲ್ಲಿ ಹಳೇ ತಾರೀಖಿನ ಫೋಲ್ಡರ್ ನೋಡಿ. ಸಮಯ ವಲಯ +5:30 ಇದೆಯಾ ಅಂತಲೂ ನೋಡಿ. ಒಂದು ಮನೆಯ ಕ್ಯಾಮೆರಾ ಚೀನಾ ಸಮಯದಲ್ಲಿದೆ, ಎರಡೂವರೆ ಗಂಟೆ ಮುಂದೆ.

ಮನೆ 14: ಹೊಸ ರೂಟರ್ ಹಾಕಿದ ಮೇಲೆ ಕ್ಯಾಮೆರಾ ಸೇರ್ತಾನೇ ಇಲ್ಲ. ಪಾಸ್‌ವರ್ಡ್ ಸರಿಯಾಗೇ ಇದೆ.

ಮನೆ 31: ಈ ಬೆಲೆಯ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಜ್ ಮಾತ್ರ ಹಿಡಿಯುತ್ತವೆ. ಹೊಸ ರೂಟರ್ 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತೆ. ಫೋನ್ 5ರಲ್ಲಿ ಕೂತಿರುತ್ತೆ, ಜೋಡಿಸುವಾಗ ಇಬ್ಬರಿಗೂ ಹೊಂದಲ್ಲ. ರೂಟರಿನ ಸೆಟ್ಟಿಂಗಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ, ಭದ್ರತೆ ಡಬ್ಲ್ಯೂಪಿಎ3 ಇದ್ದರೆ ಡಬ್ಲ್ಯೂಪಿಎ2 ಮಾಡಿ. ಚಾನೆಲ್ 'ಆಟೋ' ಬಿಟ್ಟು 1, 6, 11ರಲ್ಲಿ ಒಂದು ಆರಿಸಿ, ಅಗಲ 20 ಮೆಗಾಹರ್ಟ್ಜ್. ಆ್ಯಪಿನಲ್ಲಿ ಸಿಗ್ನಲ್ -65 ಡಿಬಿಎಂ ಆಸುಪಾಸು ಇದ್ದರೆ ಚಿಂತೆಯಿಲ್ಲ. -75 ದಾಟಿದರೆ ವಿಡಿಯೊ ತುಂಡಾಗುತ್ತೆ. ಒಂಬತ್ತಿಂಚಿನ ಗೋಡೆ ಎರಡಾದರೆ ಅಲ್ಲಿಗೆ ಬಂತು ಅಂತಲೇ ಲೆಕ್ಕ. ರೂಟರನ್ನು ಟಿವಿ ಹಿಂದಿನಿಂದ ಕಿಟಕಿ ಪಕ್ಕಕ್ಕೆ ತಂದರೆ ಅರ್ಧ ಸಮಸ್ಯೆ ಬಿಟ್ಟಿಯಾಗಿ ಹೋಗುತ್ತೆ.

ಮನೆ 27: ಬ್ಯಾಟರಿ ಕ್ಯಾಮೆರಾ ತಗೊಂಡರೆ ವೈರಿನ ರಗಳೆಯೇ ಇಲ್ಲವಲ್ಲ?

ಮನೆ 31: ಬಾಗಿಲಿಗೆ ಬೆಲ್ ಒತ್ತುವವರನ್ನು ನೋಡಲು ಸೊಗಸಾಗಿದೆ. ರಸ್ತೆಗಲ್ಲ. ಅದು ಸದಾ ಮಲಗಿರುತ್ತೆ. ಮೈ ಬಿಸಿ ಸರಿದಾಡಿದ್ದನ್ನು ಸೆನ್ಸರ್ ಕಂಡ ಮೇಲೆ ಒಂದೆರಡು ಸೆಕೆಂಡಿಗೆ ಎಚ್ಚರವಾಗುತ್ತೆ, ಅಷ್ಟರಲ್ಲಿ ಸ್ಕೂಟರ್ ದಾಟಿರುತ್ತೆ. ಆ ಸೆನ್ಸರಿಗೆ ಅಡ್ಡ ಹಾಯುವವರು ಚೆನ್ನಾಗಿ ಗೊತ್ತಾಗುತ್ತಾರೆ, ನೇರ ಎದುರಿಗೆ ಬರುವವರು ತಡವಾಗಿ. ಕಿಟಕಿ ಗಾಜಿನ ಹಿಂದೆ ಇಟ್ಟರೆ ಏನೂ ಗೊತ್ತಾಗಲ್ಲ. ಏಪ್ರಿಲ್ ಮಧ್ಯಾಹ್ನ ಗಾಳಿಯ ಬಿಸಿ ಮೈ ಬಿಸಿಗೆ ಹತ್ತಿರ ಬಂದಾಗಲೂ ಮಂಕಾಗುತ್ತೆ.

ಮನೆ 22: ನಮ್ಮದು ರಾತ್ರಿಯೆಲ್ಲಾ ಟಿಣ್ ಟಿಣ್ ಅಂತ ಬಡ್ಕೊಳ್ಳುತ್ತೆ, ನೋಡಿದ್ರೆ ಯಾರೂ ಇರಲ್ಲ. ಕೊನೆಗೆ ಸೂಚನೆ ಬರೋದನ್ನೇ ಆಫ್ ಮಾಡಿದೀವಿ.

ಮನೆ 31: ಮೇಡಂ, ಅರ್ಧ ಊರು ಹೀಗೇ ಆಫ್ ಮಾಡಿ ಮಲಗಿದೆ. ನಿಮ್ಮ ತುಣುಕಿನಲ್ಲಿ ಬೆಳ್ಳಗೆ ಹಗ್ಗದ ಹಾಗೆ ಓಲಾಡುತ್ತಿರೋದು ಜೇಡರಬಲೆ. ರಾತ್ರಿ ಕ್ಯಾಮೆರಾದ ಹತ್ತಿರ ಹುಳ ಬರುತ್ತೆ, ಹುಳಕ್ಕೆ ಜೇಡ. ಲೆನ್ಸಿನಿಂದ ಎರಡಿಂಚಿಗಿರುವ ಎಳೆಗೆ ಇನ್‌ಫ್ರಾರೆಡ್ ಬೆಳಕು ಬಿದ್ದು ಚಿತ್ರವೆಲ್ಲಾ ಬೆಳ್ಳಗಾಗುತ್ತೆ, ಹಿಂದಿನ ರಸ್ತೆ ಕಪ್ಪಾಗುತ್ತೆ. ವಾರಕ್ಕೊಮ್ಮೆ ಒಣ ಬಣ್ಣದ ಬ್ರಷ್ಷಿನಿಂದ ಸವರಿ. ಹುಳದ ಸ್ಪ್ರೇ ಬೇಕಿದ್ದರೆ ಗೋಡೆಗೆ, ಲೆನ್ಸಿನ ಮುಂದಿನ ಪ್ಲಾಸ್ಟಿಕ್ಕಿಗೆ ಖಂಡಿತ ಬೇಡ, ಮಂಜಾಗಿಬಿಡುತ್ತೆ. ಸಜ್ಜಾದ ಸುಣ್ಣದ ತಳ ಚಿತ್ರದ ಮೇಲಂಚಲ್ಲಿ ಕಂಡರೂ ಇದೇ ಕಥೆ. ಕ್ಯಾಮೆರಾವನ್ನು ನಾಲ್ಕಿಂಚು ಮುಂದೆ ತನ್ನಿ.

ಉಳಿದ ಟಿಣ್ ಟಿಣ್ ತೆಂಗಿನ ಗರಿಯದು. ತುಮಕೂರಲ್ಲಿ ತೆಂಗಿನಮರ ಇಲ್ಲದ ನೋಟ ಎಲ್ಲಿ ಹುಡುಕೋಣ? ಆ್ಯಪಿನಲ್ಲಿ 'ಚಲನೆಯ ವಲಯ' ತೆರೆದು ಗೇಟು, ಕಾರು ಇಷ್ಟಕ್ಕೇ ಚೌಕ ಎಳೆಯಿರಿ. ಎಚ್ಚರಿಕೆ 'ಮನುಷ್ಯರಿಗೆ ಮಾತ್ರ', ಸಮಯ ರಾತ್ರಿ 11ರಿಂದ 5. ರೆಕಾರ್ಡಿಂಗ್ ಮಾತ್ರ ಇಡೀ ದಿನ ನಡೆಯಲಿ. ಎಚ್ಚರಿಕೆ ಬೇರೆ, ರೆಕಾರ್ಡಿಂಗ್ ಬೇರೆ.

ಹಾಗೇ, ತಿರುಗುವ ಕ್ಯಾಮೆರಾ ಇದ್ದವರು ಹಿಂಬಾಲಿಸುವ ಸೌಲಭ್ಯ ಆಫ್ ಮಾಡಿ. ನಾಯಿ ಹಿಂದೆ ಹೋಗಿ ಮೂಲೆ ನೋಡ್ಕೊಂಡು ನಿಂತಿರುತ್ತೆ.

ಮನೆ 8 (ಮೇಷ್ಟ್ರು): ಇಡೀ ದಿನ ಎಂದರೆ ಕಾರ್ಡ್ ಎಷ್ಟು ದಿನ ಹಿಡಿದೀತು?

ಮನೆ 31: ಸೆಕೆಂಡಿಗೆ 1 ಮೆಗಾಬಿಟ್ ಹರಿದರೆ ದಿನಕ್ಕೆ 10.8 ಜಿಬಿ. 128 ಜಿಬಿ ಕಾರ್ಡಿಗೆ ಹನ್ನೊಂದು ದಿನ, 2 ಮೆಗಾಬಿಟ್ ಆದರೆ ಐದೂವರೆ. ಆಮೇಲೆ ಹಳೆಯದರ ಮೇಲೇ ಬರೆಯುತ್ತೆ. ಆದ್ದರಿಂದ ಕಳವಾದ ದಿನವೇ ತುಣುಕು ಇಳಿಸಿಕೊಳ್ಳಬೇಕು, ವಾರ ಬಿಟ್ಟು ಹುಡುಕಿದರೆ ಸಿಗದೇ ಹೋಗಬಹುದು. 'ಹೈ ಎಂಡ್ಯೂರೆನ್ಸ್' ಅಂತ ಬರೆದಿರುವ ಕಾರ್ಡೇ ತನ್ನಿ. ಫೋನಿನ ಮಾಮೂಲಿ ಕಾರ್ಡ್ ಸತತ ಬರವಣಿಗೆ ತಡೆಯಲ್ಲ, ಸಾಯುವಾಗ ಹೇಳಿಯೂ ಸಾಯಲ್ಲ. ತಿಂಗಳಿಗೊಮ್ಮೆ ನಿನ್ನೆಯ ರಾತ್ರಿ 2 ಗಂಟೆಯದನ್ನು ತೆರೆದು, ಓಡುತ್ತಾ ಅಂತ ನೋಡಿ.

ಮನೆ 5 (ವಕೀಲರು): ಸಾಕ್ಷ್ಯದ ಬಗ್ಗೆ ಎರಡು ಮಾತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಜಾಗದಲ್ಲಿ ಈಗ 63ನೇ ಕಲಂ. ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಎ, ಬಿ ಎರಡು ಭಾಗ, ಕಡತದ ಹ್ಯಾಶ್ ಮೌಲ್ಯವನ್ನೂ (ಕಡತದ ಬೆರಳಚ್ಚಿನಂಥ ಸಂಕೇತ) ಬರೆಯಬೇಕು. ಗ್ರೂಪಿನಲ್ಲಿ ವಿಡಿಯೊ ಆಗಿ ಹಾಕಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುತ್ತದೆ, ಮೂಲ ಕಡತ ಉಳಿಯುವುದಿಲ್ಲ. ಮೂಲವನ್ನು ಪೆನ್‌ಡ್ರೈವಿಗೆ ಹಾಕಿಡಿ. ದೊಡ್ಡ ಪ್ರಕರಣವಾದರೆ ಆ ಕಾರ್ಡನ್ನೇ ತೆಗೆದು ಲಕೋಟೆಯಲ್ಲಿಟ್ಟು ಕ್ಯಾಮೆರಾಕ್ಕೆ ಹೊಸ ಕಾರ್ಡ್ ಹಾಕಿ. ಅನುಮಾನದ ಮೇಲೆ ಯಾರದೋ ಮುಖವನ್ನು "ಕಳ್ಳ" ಅಂತ ಹಂಚಬೇಡಿ, ಮಾನನಷ್ಟದ ನೋಟಿಸ್ ನಿಮಗೇ ಬರುತ್ತದೆ.

ಮನೆ 22: ವಕೀಲರೇ, ನನ್ನದೂ ಒಂದು ಮಾತು. ಎದುರುಮನೆ ಕ್ಯಾಮೆರಾದಲ್ಲಿ ನಮ್ಮ ಮಲಗೋ ಕೋಣೆ ಕಿಟಕಿ, ಬಟ್ಟೆ ಒಣಗಿಸೋ ಜಾಗ ಎರಡೂ ಬರ್ತಿವೆ. ಕಳ್ಳ ಸಿಗಲಿ ಅಂತ ಹೆಣ್ಣುಮಕ್ಕಳು ಇಡೀ ದಿನ ರೆಕಾರ್ಡ್ ಆಗಬೇಕಾ?

ಮನೆ 5 (ವಕೀಲರು): ನ್ಯಾಯವಾದ ಆಕ್ಷೇಪ ಅಮ್ಮಾ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದೇ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಮಹಿಳೆಯರ ಖಾಸಗಿ ಕ್ಷಣ ಕದ್ದು ನೋಡುವುದು, ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ.

ಎದುರುಮನೆ, ಮನೆ 23: ತಪ್ಪಾಯ್ತು ಅಕ್ಕಾ, ಅದು ಗಮನಕ್ಕೇ ಬಂದಿರಲಿಲ್ಲ. ಏನು ಮಾಡಬೇಕು ಹೇಳಿ.

ಮನೆ 31: ಆ್ಯಪಿನಲ್ಲಿ 'ಪ್ರೈವೆಸಿ ಮಾಸ್ಕ್' ಇದೆ, ಕಿಟಕಿ ಮೇಲೆ ಕಪ್ಪು ಚೌಕ ಎಳೆದರೆ ಆ ಜಾಗ ರೆಕಾರ್ಡೇ ಆಗಲ್ಲ. ಆದರೆ ನಿಮ್ಮದು ಗೇಟಿಗೆ ಇಳಿಯುವ ಏಳರಲ್ಲಿ ಒಂದು, ಕಿಟಕಿ ತಾನಾಗೇ ಹೊರಗುಳಿಯುತ್ತೆ. ಮೈಕ್ ಎಲ್ಲರೂ ಆಫ್ ಮಾಡಿ, ರಸ್ತೆಯ ಮಾತು ಯಾರಿಗೂ ಬೇಡ. ಪಾಸ್‌ವರ್ಡ್ ಫೋನ್ ನಂಬರ್ ಇಟ್ಟವರು ಬದಲಾಯಿಸಿ, ಎರಡು ಹಂತದ ಲಾಗಿನ್ ಹಾಕಿ. 2016ರಲ್ಲಿ ಮಿರಾಯ್ ಅನ್ನೋ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ (ರೆಕಾರ್ಡಿಂಗ್ ಡಬ್ಬಿ) ಮೊದಲಾದವಕ್ಕೆ ನುಗ್ಗಿದ್ದು ಕಂಪನಿಯವರು ಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಾಯಿಸದೇ ಇದ್ದದ್ದಕ್ಕೇ. ಹಾಕಿಕೊಟ್ಟ ಹುಡುಗರ ಫೋನಿನಲ್ಲಿ ನಿಮ್ಮ ಕ್ಯಾಮೆರಾ ಇನ್ನೂ ಇದೆಯಾ ಅಂತ 'ಹಂಚಿಕೊಂಡವರು' ಪಟ್ಟಿಯಲ್ಲಿ ನೋಡಿ.

ಕಾರ್ಯದರ್ಶಿ: ಹಾಗಾದರೆ ಚಂದಾ ಸದ್ಯಕ್ಕಿಲ್ಲ. ಭಾನುವಾರ ಬೆಳಿಗ್ಗೆ 8ಕ್ಕೆ ಏಳು ಕ್ಯಾಮೆರಾ ಇಳಿಸುವುದು, ನಾಲ್ಕು ಮನೆಯ ವೈರ್ ಬದಲಿಸುವುದು. ವೈರ್, ಪೈಪು, ಬಾಕ್ಸಿನ ಖರ್ಚು ಆಯಾ ಮನೆಯವರದು, ಕೂಲಿ ಸಂಘದ್ದು. ಬೆಸ್ಕಾಂ ಕಂಬಕ್ಕೆ ಏನನ್ನೂ ಕಟ್ಟುವುದು ಬೇಡ. ಪರೀಕ್ಷೆ ಹೇಗೆ?

ಮನೆ 31: ರಾತ್ರಿ 9ಕ್ಕೆ ಒಬ್ಬರು ಸ್ಕೂಟರಿನಲ್ಲಿ ಎರಡೂ ಕ್ರಾಸ್ ಸುತ್ತಲಿ. ಪ್ರತಿ ಗೇಟಿನ ಮುಂದೆ ನಿಂತು, ಫೋನಿನ ಗಡಿಯಾರವನ್ನು ಕ್ಯಾಮೆರಾಕ್ಕೆ ತೋರಿಸಿ, ಹೆಲ್ಮೆಟ್ ತೆಗೆದು ಮೂರು ಸೆಕೆಂಡ್ ನೋಡಲಿ. ಮುಖ ಬಂತಾ, ಪ್ಲೇಟ್ ಬಂತಾ, ಕ್ಯಾಮೆರಾ ಗಡಿಯಾರಕ್ಕೂ ಫೋನಿಗೂ ಎಷ್ಟು ವ್ಯತ್ಯಾಸ, ಮೂರೇ ಉತ್ತರ ಪ್ರತಿ ಮನೆಯವರು ಇಲ್ಲಿ ಬರೆಯಿರಿ. ಹೆಡ್‌ಲೈಟಿನ ಬೆಳಕಿಗೆ ರಾತ್ರಿ ಪ್ಲೇಟ್ ಬರೋದು ಕಷ್ಟವೇ. ಹಿಂದಿನ ಪ್ಲೇಟ್ ಬಂದರೂ ಸಾಕು.

ಮನೆ 17: ಏಣಿ ಯಾರ ಮನೇಲೈತೆ? ನಂದು ಹತ್ತಡಿ, ಹದಿನಾಲ್ಕಡಿ ಮೇಲಿಂದ ಬಿಚ್ಚೋಕೆ ಸಾಲಲ್ಲ.

ಮನೆ 9: ನಮ್ಮನೇಲಿದೆ ಅಣ್ಣಾ, ತೆಂಗಿನಕಾಯಿ ಕೀಳೋ ಬಿದಿರಿನ ಏಣಿ. ಶನಿವಾರ ಸಂಜೆ ಬಂದು ತಗೊಂಡು ಹೋಗಿ, ಕೆಳಗಡೆ ಹಿಡ್ಕೊಳ್ಳೋಕೆ ಒಬ್ಬರು ಬೇಕು.

ಮನೆ 23: ಹಿಡ್ಕೊಳ್ಳೋಕೆ ನಾನಿದೀನಿ. ಮೊದಲು ನಮ್ಮನೇದು ಇಳಿಸೋಣ.