40 ಮೀಟರ್ ಮೊಬೈಲ್ ವಿಪ್: ಲೋಡಿಂಗ್ ಕಾಯಿಲ್ ಬುಡದಲ್ಲೋ, ನಡುವಲ್ಲೋ?

ಪ್ರಶ್ನೆ:
ಹ್ಯಾಮ್ ರೇಡಿಯೊದ 40 ಮೀಟರ್ ಬ್ಯಾಂಡಿಗೆ (ತರಂಗದ ಉದ್ದ ಸುಮಾರು 40 ಮೀಟರ್) ಕಾರಿನ ಮೇಲೆ ನಿಲ್ಲಿಸಲು 2.4 ಮೀಟರ್ ಉದ್ದದ ವಿಪ್ (ಕೋಲಿನಂಥ ಆಂಟೆನಾ) ಮಾಡುತ್ತಿದ್ದೇನೆ. 7.1 ಮೆಗಾಹರ್ಟ್ಸ್, 100 ವ್ಯಾಟ್, ಹೆಚ್ಚಾಗಿ ಎಸ್‌ಎಸ್‌ಬಿ (ಮಾತು ಕಳಿಸುವ ವಿಧಾನ). ಇಷ್ಟು ಗಿಡ್ಡ ವಿಪ್ ಟ್ಯೂನ್ ಆಗಲು ಲೋಡಿಂಗ್ ಕಾಯಿಲ್ ಬೇಕು. ಕಾಯಿಲ್ ಬುಡದಲ್ಲಿದ್ದರೆ ಸುಮಾರು 20 ಮೈಕ್ರೊಹೆನ್ರಿ (ಕಾಯಿಲ್‌ನ ಇಂಡಕ್ಟೆನ್ಸ್ ಅಳತೆ) ಸಾಕು, ನಡುವೆ ಇಟ್ಟರೆ 40 ಬೇಕು. ತಂತಿ ಎರಡರಷ್ಟು, ಲಾಸೂ (ಶಾಖವಾಗಿ ವ್ಯರ್ಥವಾಗುವ ಪವರ್) ಎರಡರಷ್ಟು. ಆದರೂ ನಡುವೆಯೇ ಇಡಿ ಅನ್ನುತ್ತಾರೆ, ಯಾಕೆ? ಇದರಿಂದ ನಿಜಕ್ಕೂ ಎಷ್ಟು ಲಾಭ?

ಉತ್ತರ 1:
ಕಾಯಿಲ್ ಲಾಸ್ ಬಗ್ಗೆ ನಿಮ್ಮ ಲೆಕ್ಕ ಸರಿ ಸರ್, ಆದರೆ ರೇಡಿಯೇಷನ್ ರೆಸಿಸ್ಟೆನ್ಸ್ (ತರಂಗವಾಗಿ ಹೊರಹೋಗುವ ಪವರ್ ಅನ್ನು ಓಮ್‌ನಲ್ಲಿ ಹೇಳುವ ಅಂಕಿ) ಬಿಟ್ಟುಹೋಗಿದೆ. ಕಾಯಿಲ್‌ನ ಕೆಳಗಿನ ರಾಡಿನಲ್ಲಿ ಕರೆಂಟ್ ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ, ಮೇಲಿನ ರಾಡಿನಲ್ಲಿ ಇಳಿಯುತ್ತಾ ತುದಿಯಲ್ಲಿ ಸೊನ್ನೆಯಾಗುತ್ತದೆ. ಬುಡದಲ್ಲಿ ಕಾಯಿಲ್ ಇದ್ದರೆ ಇಡೀ ವಿಪ್ ಇಳಿಜಾರೇ, ರೇಡಿಯೇಷನ್ ರೆಸಿಸ್ಟೆನ್ಸ್ ಸುಮಾರು 1.3 ಓಮ್. ನಡುವೆ ಇಟ್ಟರೆ ಸುಮಾರು 2.8.

ಕಾಯಿಲ್‌ನ ಕ್ಯೂ (ಗುಣಮಟ್ಟದ ಅಂಕಿ, ಹೆಚ್ಚಿದ್ದಷ್ಟೂ ಲಾಸ್ ಕಡಿಮೆ) 200, ಕಾರಿನ ಗ್ರೌಂಡ್ ಲಾಸ್ (ಬಾಡಿ ಮತ್ತು ನೆಲದಲ್ಲಿ ವ್ಯರ್ಥವಾಗುವುದು) 8 ಓಮ್ ಎಂದುಕೊಳ್ಳಿ. ಬುಡದಲ್ಲಿ: ರೇಡಿಯೇಷನ್ 1.3 + ಕಾಯಿಲ್ ಲಾಸ್ 4.5 + ಗ್ರೌಂಡ್ ಲಾಸ್ 8, ದಕ್ಷತೆ (ಒಟ್ಟಿನಲ್ಲಿ ರೇಡಿಯೇಷನ್ ಪಾಲು) ಶೇ. 9. ನಡುವೆ: 2.8 + 9 + 8, ಶೇ. 14. ವ್ಯತ್ಯಾಸ 2 ಡಿಬಿಗೂ (ಡೆಸಿಬೆಲ್, ಪವರ್ ಹೋಲಿಕೆಯ ಅಳತೆ) ಕಡಿಮೆ.

ಈಗ ಗ್ರೌಂಡ್ ಲಾಸನ್ನು ಸೊನ್ನೆ ಮಾಡಿ ನೋಡಿ: ಶೇ. 22 ಮತ್ತು 24! ಅಂದರೆ ನಡುವೆ ಕಾಯಿಲ್ ಇಡುವುದರ ಲಾಭವೆಲ್ಲ ಬರುವುದು ಗ್ರೌಂಡ್ ಲಾಸ್ ಇರುವುದರಿಂದಲೇ. ಕಾರಿನಲ್ಲಿ ಅದು ಇದ್ದೇ ಇರುತ್ತದೆ, ಹಾಗಾಗಿ ನಡುವೆಯೇ ಇಡಿ. ಮೂರನೇ ಎರಡು ಭಾಗಕ್ಕಿಂತ ಮೇಲೆ ಮಾತ್ರ ಹೋಗಬೇಡಿ. ಮೇಲಿನ ರಾಡ್ ಗಿಡ್ಡವಾದಷ್ಟೂ ಬೇಕಾದ ಇಂಡಕ್ಟೆನ್ಸ್ ಏರುತ್ತದೆ, ಗಳಿಸಿದ್ದನ್ನು ಕಾಯಿಲ್ಲೇ ತಿಂದುಹಾಕುತ್ತದೆ.

ಉತ್ತರ 2:
40 ಮೈಕ್ರೊಹೆನ್ರಿಗೆ ಅಳತೆ: 75 ಮಿ.ಮೀ. ವ್ಯಾಸ, 100 ಮಿ.ಮೀ. ಉದ್ದ, 31 ಸುತ್ತು, 16 ಗೇಜ್ ತಾಮ್ರದ ತಂತಿ. ಸುತ್ತುಗಳ ನಡುವೆ ತಂತಿಯ ದಪ್ಪದಷ್ಟೇ ಜಾಗ ಬಿಡಿ. 34 ಸುತ್ತು ಸುತ್ತಿ, ಆಮೇಲೆ ಒಂದೊಂದೇ ಬಿಚ್ಚಿ ಟ್ಯೂನ್ ಮಾಡಿ. ಒತ್ತೊತ್ತಾಗಿ, ತೆಳು ತಂತಿಯಲ್ಲಿ, ಕಿರಿದಾದ ಪೈಪಿನ ಮೇಲೆ ಸುತ್ತಿದರೆ ಕ್ಯೂ ಬಿದ್ದುಹೋಗುತ್ತದೆ. ಎರಡು ತುದಿಗೂ ದೊಡ್ಡ ಲೋಹದ ಮುಚ್ಚಳ ಹಾಕುವುದೂ ತಪ್ಪೇ.

100 ವ್ಯಾಟ್ ಒಂದೇ ಸಮ ಹೋದರೆ ಕಾಯಿಲ್‌ನಲ್ಲೇ ಸುಮಾರು 45 ವ್ಯಾಟ್ ಶಾಖವಾಗುತ್ತದೆ. ಎಸ್‌ಎಸ್‌ಬಿಯಲ್ಲಿ ಸರಾಸರಿ ಕಡಿಮೆ, ಆದರೆ ಎಫ್‌ಟಿ8ನಲ್ಲಿ (ಒಂದೇ ಸಮ ಸಿಗ್ನಲ್ ಕಳಿಸುವ ಡಿಜಿಟಲ್ ವಿಧಾನ) ಪಿವಿಸಿ ಪೈಪ್ ಮೆತ್ತಗಾಗಿ ಬಾಗುತ್ತದೆ. ಕಾಯಿಲ್‌ಗೆ ಅಡ್ಡಲಾಗಿ ಸಾವಿರಗಟ್ಟಲೆ ವೋಲ್ಟ್ ಇರುತ್ತದೆ, ಟ್ರಾನ್ಸ್‌ಮಿಟ್ ಆಗುವಾಗ ಯಾರೂ ಮುಟ್ಟಬಾರದು.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ಸದ್ಯ ಬುಡದಲ್ಲಿ ತೆಳು ತಂತಿಯ ಕಾಯಿಲ್ ಹಾಕಿ ಮ್ಯಾಗ್ನೆಟ್ ಮೌಂಟ್ ಮೇಲೆ ನಿಲ್ಲಿಸಿದ್ದೇನೆ. ಮ್ಯಾಚಿಂಗ್ (ಆಂಟೆನಾವನ್ನು ರೇಡಿಯೊದ 50 ಓಮ್‌ಗೆ ಹೊಂದಿಸುವುದು) ಏನೂ ಇಲ್ಲದೆ ಎಸ್‌ಡಬ್ಲ್ಯುಆರ್ (ಆ ಹೊಂದಾಣಿಕೆಯ ಅಳತೆ, 1 ಎಂದರೆ ಪೂರ್ತಿ ಹೊಂದಿದೆ) 1.2 ತೋರಿಸುತ್ತಿದೆ. ಅಂದರೆ ಚೆನ್ನಾಗಿದೆ ಅಂತಲ್ಲವೇ?

ಉತ್ತರ 1:
ಅಲ್ಲ ಸರ್, ಅದೇ ಕೆಟ್ಟ ಲಕ್ಷಣ. ರೆಸೊನೆನ್ಸ್‌ನಲ್ಲಿ (ವಿಪ್ ಸರಿಯಾಗಿ ಟ್ಯೂನ್ ಆದಾಗ) ಮ್ಯಾಚಿಂಗ್ ಇಲ್ಲದೆ 50 ಓಮ್ ಹತ್ತಿರ ಬಂದರೆ, 1.3 ಬಿಟ್ಟು ಮಿಕ್ಕಿದ್ದೆಲ್ಲ ಲಾಸೇ. ಆಗ ದಕ್ಷತೆ ಶೇ. 3 ಕೂಡ ದಾಟುವುದಿಲ್ಲ. ಒಳ್ಳೆಯ ವಿಪ್ ಆದರೆ ಮ್ಯಾಚ್ ಮಾಡುವ ಮುಂಚೆ 2.5ರಿಂದ 3.5 ತೋರಿಸಬೇಕು.

ಮ್ಯಾಗ್ನೆಟ್ ತೆಗೆಯಿರಿ. ಬಣ್ಣದ ಮೇಲೆ ಕೂತ ಮ್ಯಾಗ್ನೆಟ್‌ಗೂ ಬಾಡಿಗೂ 7 ಮೆಗಾಹರ್ಟ್ಸ್‌ನಲ್ಲಿ ಗಟ್ಟಿ ಸಂಪರ್ಕ ಸಿಗುವುದಿಲ್ಲ, ಕೇಬಲ್ಲಿನ ಹೊರಮೈಯೇ ಗ್ರೌಂಡ್ ಆಗಿಬಿಡುತ್ತದೆ. ಬಣ್ಣ ಕೆರೆದು ಬೋಲ್ಟ್ ಹಾಕಿ. ಡಿಕ್ಕಿ ಬಾಗಿಲು, ಬಾನೆಟ್, ಸೈಲೆನ್ಸರ್ ಪೈಪ್ ಇವನ್ನೆಲ್ಲ ಗಿಡ್ಡ, ಅಗಲ ತಾಮ್ರದ ಬ್ರೇಡ್‌ನಿಂದ ಬಾಡಿಗೆ ಸೇರಿಸಿ. ಗ್ರೌಂಡ್ ಲಾಸ್ 8ರಿಂದ 4 ಓಮ್‌ಗೆ ಇಳಿದರೆ 1 ಡಿಬಿ ಸಿಗುತ್ತದೆ. ಕ್ಯೂ 200ರಿಂದ 400ಕ್ಕೆ ಏರಿಸಿದರೂ ಸಿಗುವುದು ಹೆಚ್ಚುಕಮ್ಮಿ ಅಷ್ಟೇ, ಮತ್ತು ಅದು ಬಲು ಕಷ್ಟದ ಕೆಲಸ.

ಮ್ಯಾಚ್ ಮಾಡಲು ಬುಡದಿಂದ ಬಾಡಿಗೆ 0.9 ಮೈಕ್ರೊಹೆನ್ರಿ ಕಾಯಿಲ್ ಹಾಕಿ: 25 ಮಿ.ಮೀ. ವ್ಯಾಸ, 25 ಮಿ.ಮೀ. ಉದ್ದ, 7 ಸುತ್ತು. ವಿಪ್ಪನ್ನು ಬೇಕಾದ ಫ್ರೀಕ್ವೆನ್ಸಿಗಿಂತ ತುಸು ಮೇಲೆ ಟ್ಯೂನ್ ಮಾಡಿ, ಆಗಲೇ 50 ಓಮ್ ಕೂರುತ್ತದೆ.

ಉತ್ತರ 3:
ಉದ್ದದ ಮಾತು ಯಾರೂ ಎತ್ತಲಿಲ್ಲ. 2.4 ಬದಲು 3 ಮೀಟರ್ ಮಾಡಿದರೆ ರೇಡಿಯೇಷನ್ ರೆಸಿಸ್ಟೆನ್ಸ್ ಒಂದೂವರೆ ಪಟ್ಟು ಆಗುತ್ತದೆ, ಕಾಯಿಲ್ಲೂ ಚಿಕ್ಕದಾಗುತ್ತದೆ. ನಡುವೆ ಲೋಡ್ ಮಾಡಿದ ವಿಪ್‌ನಲ್ಲಿ ದಕ್ಷತೆ ಶೇ. 14ರಿಂದ 22ಕ್ಕೆ ಏರುತ್ತದೆ, ಅಂದರೆ 2 ಡಿಬಿ. ಕಾಯಿಲ್ ಎಷ್ಟು ತಿದ್ದಿದರೂ ಇಷ್ಟು ಸಿಗದು. ಆದರೆ ಕಾರಿನ ಮೇಲೆ ನಿಂತಾಗ ತುದಿ 4 ಮೀಟರ್ ಹತ್ತಿರ ಹೋಗುತ್ತದೆ. ಹಳ್ಳಿ ರಸ್ತೆಗಳಲ್ಲಿ ಜೋತುಬಿದ್ದ ಕರೆಂಟ್ ತಂತಿಗೆ ತಾಗಬಹುದು. ಓಡಿಸುವಾಗ ಮೇಲಿನ ರಾಡ್ ಬಿಚ್ಚಿಡುವಂತೆ ಜೋಡಿಸಿ, ಗಾಡಿ ನಿಲ್ಲಿಸಿ ಸುತ್ತ ನೋಡಿಕೊಂಡೇ ಏರಿಸಿ.